ಹನ್ನೆರಡು ಆಳಿನ ಕೆಂಪು

ಮೂರು ತಿಂಗಳು ಊರೂರು ಸುತ್ತಿ ಬಂದ ಚೆನ್ನವೀರ ಗುರುಗಳ ಮುಂದೆ ಕುಳಿತು ಕೇಳಿದ: "ಕುಂಬಾರನನ್ನು ಕೇಳಿದೆ, ನೇಕಾರನನ್ನು ಕೇಳಿದೆ, ಸೂಲಗಿತ್ತಿಯನ್ನೂ ಕೇಳಿದೆ. ದೇವರನ್ನು ಕಂಡಿದ್ದೀರಾ ಎಂದರೆ ಎಲ್ಲರೂ ಇಲ್ಲವೆಂದರು. ಹಾಗಾದರೆ ಅವನು ಇಲ್ಲವೇ?"

ಗುರುಗಳು ಕತೆ ಹೇಳಿದರು.

ಇಂದುಮತಿ ಎಂಬ ಸಸ್ಯಶಾಸ್ತ್ರಜ್ಞೆ ಕಡಲ ಪಾಚಿಗಳ ಮೇಲೆ ಪುಸ್ತಕ ಬರೆಯುತ್ತಿದ್ದಳು. ಅವಳಿಗೆ ಕಲಿಸಿದ ಮೇಷ್ಟರು ಒಮ್ಮೆ ಬಿರುಗಾಳಿಯ ಮರುದಿನ ಮರಳಿನಲ್ಲಿ ಒಂದು ಕೆಂಪು ಪಾಚಿಯನ್ನು ಹೆಕ್ಕಿ, ಅದರ ಚಿತ್ರ ಬರೆದಿಟ್ಟಿದ್ದರು. "ಇದು ಆಳದ್ದು. ಎಲ್ಲಿ ಬೆಳೆಯುತ್ತದೆಂದು ನೀನು ಹುಡುಕು" ಎಂದು ಹೇಳಿ ತೀರಿಕೊಂಡಿದ್ದರು.

ಎಂಟು ವರ್ಷ ಅವಳು ಕರಾವಳಿಯ ಮುಳುಗುಗಾರರನ್ನೆಲ್ಲ ಕೇಳಿದಳು. ಕೆಳಗೆ ಕೆಂಪು ಪಾಚಿ ಕಂಡೆನೆಂದು ಒಬ್ಬರೂ ಹೇಳಲಿಲ್ಲ. ಮೇಷ್ಟರು ಕಂಡದ್ದು ಎಲ್ಲಿಂದಲೋ ತೇಲಿ ಬಂದ ಕಸವೆಂದು ಬಲ್ಲವರು ನಕ್ಕರು. ಪುಸ್ತಕ ಅಚ್ಚಿಗೆ ಹೋಗುವ ಹೊತ್ತು ಬಂತು. 'ನಮ್ಮ ಕರಾವಳಿಯಲ್ಲಿ ಇಲ್ಲ' ಎಂದು ಬರೆದಳು. ಬರೆದ ಮೇಲೆ ಅನ್ನ ಸೇರಲಿಲ್ಲ.

ಕೊನೆಗೆ ತಾನೇ ಮುಳುಗಲು ಕಲಿತಳು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು, ಬಂಡೆಸಂದಿನ ಸಿಗಡಿ ಹಿಡಿಯುವ ಸೋಮ ಖಾರ್ವಿಯ ದೋಣಿ ಹತ್ತಿದಳು.

"ಹನ್ನೆರಡು ಆಳು ನೀರು ಅಮ್ಮಾ. ಅಲ್ಲಿ ಕೆಂಪು ಎಂತದೂ ಇಲ್ಲ, ಎಲ್ಲ ಕರಿಯೇ" ಎಂದ ಸೋಮ.

ಇಬ್ಬರೂ ಇಳಿದರು. ಅವನು ಹೇಳಿದಂತೆಯೇ ಇತ್ತು. ಬಂಡೆಯ ನೆರಳಿನ ಮಗ್ಗುಲಲ್ಲಿ ಕರಿ ಎಲೆಗಳು ತೂಗುತ್ತಿದ್ದವು. ಇಂದುಮತಿ ಒಂದನ್ನು ಮುಟ್ಟಿ ನೋಡಿದಳು. ವೀಳ್ಯದೆಲೆಯಷ್ಟು ಅಗಲ, ನಡುವೆ ಒಂದೇ ನರ, ನೆರಿಗೆಯ ಅಂಚು, ಬೆರಳುದ್ದದ ತೊಟ್ಟು, ಬುಡದಲ್ಲಿ ಕಲ್ಲು ಕಚ್ಚಿದ ಅಂಗಿಗುಂಡಿಯಂಥ ಹಿಡಿ. ಮೇಷ್ಟರ ಚಿತ್ರದ ಎಲೆಯೇ! ಬಣ್ಣ ಮಾತ್ರ ಬೇರೆ. ಬುಡಸಮೇತ ಬಿಡಿಸಿಕೊಂಡು ಮೆಲ್ಲನೆ ಮೇಲೇರತೊಡಗಿದಳು.

ಆರು ಆಳಿಗೆ ಎಲೆ ಕಂದುಬಣ್ಣಕ್ಕೆ ತಿರುಗಿತು. ಮೂರು ಆಳಿಗೆ ರಕ್ತಚಂದನವಾಯಿತು. ನೀರು ಸೀಳಿ ತಲೆ ಹೊರಗೆ ಬಂದಾಗ ಕೈಯಲ್ಲಿ ದಾಸವಾಳ ಅರಳಿದಂತಿತ್ತು.

"ಕೆಂಪು! ಸೋಮಾ, ಇಲ್ಲಿ ನೋಡು, ಕೆಂಪು!" ದೋಣಿಯ ಅಂಚು ಹಿಡಿದು ಅವಳು ಕೂಗಿದ ರಭಸಕ್ಕೆ ದೋಣಿ ಓಲಾಡಿತು.

ಆಗಲೇ ದೋಣಿ ಹತ್ತಿದ್ದ ಸೋಮ ಎಲೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ. "ಅರೆ! ನಲವತ್ತು ವರ್ಷ ಇದನ್ನು ಕೆಳಗೇ ಕೆರೆದು ಬಿಸಾಡಿದ್ದೇನೆ. ಒಂದು ದಿನವೂ ಮೇಲೆ ತರಲಿಲ್ಲವಲ್ಲ!" ಎಂದು ಅವನೂ ಹಣೆ ಚಚ್ಚಿಕೊಂಡು ನಕ್ಕ.

ಕೆಂಪು ಬೆಳಕು ಅಷ್ಟು ಆಳಕ್ಕೆ ಇಳಿಯುವುದಿಲ್ಲವೆಂದು ಇಂದುಮತಿ ಓದಿದ್ದಳು. ಓದಿದ್ದು ಆಗ ತಿಳಿಯಿತು: ಕೆಳಗೆ ಕೆಂಪೇ ಕರಿಯಾಗಿ ಕಾಣುತ್ತಿತ್ತು. ಮರುದಿನವೇ ಅದೇ ಮುಳುಗುಗಾರರ ಮನೆಗಳಿಗೆ ಓಡಿ, ಕರಿ ಎಲೆ ಕಂಡಿದ್ದೀರಾ ಎಂದು ಕೇಳಿದಳು. ಒಬ್ಬೊಬ್ಬರೂ ಒಂದೊಂದು ಬಂಡೆ ಹೇಳಿದರು. ತೆಂಕಣ ನಡುಗಡ್ಡೆಯಿಂದ ಬಡಗಣ ಅಳಿವೆಯ ತನಕ, ಹತ್ತು ಆಳಿನ ಕೆಳಗೆ, ಬಿಸಿಲು ತಾಗದ ಕಡೆಯಲ್ಲೆಲ್ಲ ಅದು ಇತ್ತು. ಹಳೆಯ ಸಾಲು ಹೊಡೆದುಹಾಕಿ ಅಷ್ಟನ್ನೂ ಬರೆದಳು. ಮೊದಲು ಕಂಡವರು ಎಂಬಲ್ಲಿ ಮೇಷ್ಟರ ಹೆಸರು ಬರೆದು, ಅತ್ತಳು.

"ಹಾಗಾದರೆ ಎಂಟು ವರ್ಷ ಅವರೆಲ್ಲ ಅವಳಿಗೆ ಸುಳ್ಳು ಹೇಳಿದರೇ?" ಚೆನ್ನವೀರ ಕೇಳಿದ.

"ಕೆಂಪು ಎಂಬುದು ದಡದವರ ಮಾತು" ಎಂದರು ಗುರುಗಳು.

ಚೆನ್ನವೀರ ಎದ್ದು ಮತ್ತೆ ಕುಂಬಾರನ ಊರಿನ ದಾರಿ ಹಿಡಿದ, ಈ ಸಲ ಬೇರೆ ಮಾತಿನಲ್ಲಿ ಕೇಳಲು.