ಬಣ್ಣ ನೋಡುವ ಗೋಡೆ

ಗೊಂಬೆ ಬರೆಯುವ ಏಕಪ್ಪನವರ ಮನೆಗೆ ಬಾಗಿಲೇನೋ ಇತ್ತು, ಒಳಗೆ ಕಾಲಿಡಲು ಜಾಗವಿರಲಿಲ್ಲ.

ಹೊಳೆದಂಡೆಯ ಮೇಲೆ ಒಂದೇ ಕೋಣೆಯ ಮನೆ. ಒಂದು ಮೂಲೆಯಲ್ಲಿ ಒಲೆ, ಉಳಿದ ಮೂರರಲ್ಲಿ ದೇವರುಗಳು. ರೆಕ್ಕೆ ಕೂಡಿಸದ ಗರುಡನ ಕೊರಳಲ್ಲಿ ಏಕಪ್ಪನವರ ಒಗೆದ ಅಂಗಿ. ಮರದ ಕುದುರೆಯ ಹೊಟ್ಟೆಯ ಕೆಳಗೆ ಉಳ್ಳಾಗಡ್ಡಿ. ಸಾಲು ತೆಂಗಿನ ಚಿಪ್ಪುಗಳಲ್ಲಿ ಯಾವುದರಲ್ಲಿ ಹುಣಸೆಬೀಜದ ಅಂಟಿದೆ, ಯಾವುದರಲ್ಲಿ ನಿನ್ನೆಯ ಸಾರಿದೆ ಎಂದು ಮೂಸಿ ನೋಡಿಯೇ ತಿಳಿಯಬೇಕು. ಏಕಪ್ಪನವರಿಗೆ ಮಾತ್ರ ಕಣ್ಣು ಮುಚ್ಚಿ ಕೈಚಾಚಿದರೂ ಬೇಕಾದ್ದು ಸಿಗುತ್ತಿತ್ತು.

ಅವರು ಕೂರುವ ಮಣೆಯ ಪಕ್ಕದ ಗೋಡೆಯಂತೂ ನೋಡುವ ಹಾಗಿರಲಿಲ್ಲ. ನೆಲದಿಂದ ಎದೆಮಟ್ಟದವರೆಗೂ ಬೆರಳಲ್ಲಿ ಒರೆಸಿದ ಬಣ್ಣದ ಕಲೆಗಳು, ಒಂದರ ಮೇಲೊಂದು.

ಈ ಮನೆಗೆ ಶಿಷ್ಯನಾಗಿ ಬಂದವನು ಗವಿಸಿದ್ದ. ಮೂವತ್ತು ದಾಟಿದ ಆಳು. ಅಲ್ಲಿಯವರೆಗೆ ಊರೂರು ತಿರುಗಿ ಗೋಡೆಗಳ ಮೇಲೆ ಸಿಮೆಂಟಿನ, ಬಿತ್ತನೆ ಬೀಜದ ಜಾಹೀರಾತು ಬರೆಯುತ್ತಿದ್ದ. ಅಚ್ಚುಕಟ್ಟು ಮನುಷ್ಯ. ವರ್ಷ ಕಳೆದರೂ ಗುರುಗಳು ಅವನ ಕೈಗೆ ಕುಂಚ ಕೊಟ್ಟಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು ಬಣ್ಣ ಅರೆಯುವುದಷ್ಟೇ ಅವನ ಪಾಲು. ತನ್ನನ್ನು ಒಳಗೆ ಕೂರಿಸಿಕೊಂಡು ಯಾವಾಗ ಕಲಿಸುತ್ತಾರೋ ಎಂಬುದೊಂದೇ ಅವನ ಚಿಂತೆ.

ಒಂದು ದಿನ ಕೇಳಿಯೇಬಿಟ್ಟ.

“ಗುರುಗಳ, ನಾ ಒಳಗ ಕುಂದ್ರೂದು ಯಾವಾಗ್ರಿ?”

“ಒಳಗ ಜಾಗಾ ಎಲ್ಲೈತಪಾ?” ಎಂದರು ಏಕಪ್ಪನವರು.

ಗವಿಸಿದ್ದ ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡ.

ಮುಂದಿನ ವಾರ ಗುರುಗಳು ನೆಂಟರ ಮದುವೆಗೆಂದು ಮೂರು ದಿನ ಬೇರೆ ಊರಿಗೆ ಹೋದರು. ಗವಿಸಿದ್ದ ಸೊಂಟಕ್ಕೆ ವಲ್ಲಿ ಬಿಗಿದು ನಿಂತ. ಚಿಪ್ಪುಗಳನ್ನು ಹೊಳೆಗೆ ಒಯ್ದು ತಿಕ್ಕಿದ. ಕುಂಚಗಳನ್ನು ಉದ್ದ ಗಿಡ್ಡ ನೋಡಿ ಜೋಡಿಸಿದ. ಉಳ್ಳಾಗಡ್ಡಿ ಬುಟ್ಟಿ ಸೇರಿತು, ಅಂಗಿ ಗೂಟ ಸೇರಿತು. ಉಳಿದದ್ದು ಆ ಗೋಡೆ. ಗೋಡೆ ಬರೆಯುವವನು ಹೊಲಸು ಗೋಡೆ ಕಂಡರೆ ಮೊದಲು ಮಾಡುವ ಕೆಲಸ ಒಂದೇ. ಸುಣ್ಣ ಕಲಸಿ ಎರಡು ಕೈ ಬಳಿದ.

ಗುರುಗಳು ಬಂದರು.

“ಜಾಗಾ ಮಾಡೀನ್ರಿ ಗುರುಗಳ,” ಎಂದ ಗವಿಸಿದ್ದ, ಮುಖ ಅರಳಿಸಿ.

ಏಕಪ್ಪನವರು ಹೊಸ್ತಿಲಲ್ಲೇ ನಿಂತರು. ಆಮೇಲೆ ಒಳಗೆ ಬಂದು, ಗೋಡೆಯ ಮೇಲೆ ಅಂಗೈ ಇಟ್ಟರು. ಅಂಗೈಗೆ ಸುಣ್ಣ ಹತ್ತಿತು. ಅದನ್ನು ಸ್ವಲ್ಪ ಹೊತ್ತು ನೋಡುತ್ತಿದ್ದರು.

“ಉಂಡಿಯೇನು?” ಎಂದು ಕೇಳಿದರು. ಅಷ್ಟೇ.

ಅವತ್ತಿನಿಂದ ಎಂಟು ದಿನ ಅವರು ಕುಂಚ ಮುಟ್ಟಲಿಲ್ಲ. ಹಬ್ಬಕ್ಕೆ ಕೊಡಬೇಕಾದ ಗೌರಿ ಮಣೆಯ ಎದುರು ಹಾಗೇ ನಿಂತಿದ್ದಳು. ಸೀರೆ ಬರೆದಾಗಿತ್ತು, ಮುಖಕ್ಕೂ ಕೈಗಳಿಗೂ ಇನ್ನೂ ಮೈಬಣ್ಣ ಹಚ್ಚಿರಲಿಲ್ಲ. ಗುರುಗಳು ಬೆಳಿಗ್ಗೆ ಬಂದು ಮಣೆಯ ಮೇಲೆ ಕೂರುವರು, ಬಿಳಿ ಗೋಡೆ ನೋಡುವರು, ಎದ್ದು ಹೊಳೆಯ ಕಡೆ ಹೋಗುವರು. ನಾಲ್ಕು ಬೈದಿದ್ದರೆ ಗವಿಸಿದ್ದನಿಗೆ ಎಷ್ಟೋ ಹಗುರಾಗುತ್ತಿತ್ತು.

ಒಂಬತ್ತನೆಯ ದಿನ ಅವನಿಗೆ ತಡೆಯಲಾಗಲಿಲ್ಲ.

“ಆ ಗೋಡಿ ಮ್ಯಾಲೆ ಏನಿತ್ರಿ ಗುರುಗಳ?”

“ಹುಲಿಗೆವ್ವ ಇದ್ಲು.”

ಹುಲಿಗೆವ್ವ ಗುರುಗಳ ಹೆಂಡತಿ, ತೀರಿಹೋಗಿ ಹದಿನಾಲ್ಕು ವರ್ಷ. ಅದಷ್ಟು ಗವಿಸಿದ್ದನಿಗೆ ಗೊತ್ತಿತ್ತು.

“ನಾ ಬಣ್ಣ ಕಲಸಿ ಗೋಡಿಗೆ ಹಚ್ಚಾಂವ,” ಎಂದರು ಗುರುಗಳು. “ಅಕಿ ಒಲಿ ಮುಂದ ಕುಂತಾಕಿ ನೋಡಾಕಿ. ಬರೋಬ್ಬರಿ ಅನಿಸಿದ್ರ ಎದ್ದು ಬಂದು, ಎಲಿಗೆ ಹಚ್ಚೂ ಸುಣ್ಣದಾಗ ಹೆಬ್ಬೆಟ್ಟು ಅದ್ದಿ, ಅದರ ಬಾಜೂಕ ಒಂದು ಬೊಟ್ಟು ಇಡಾಕಿ. ಇಲ್ಲಂದ್ರ ಮಾರಿ ತಿರುವಿ ರೊಟ್ಟಿ ಬಡಿಯಾಕಿ. ಅಕಿ ಹೋದ ಮ್ಯಾಲೆ ನಾ ಹೊಸಾ ಬಣ್ಣ ಕಲಸಿದಾಗೆಲ್ಲಾ ಆ ಬೊಟ್ಟು ಇಟ್ಟ ಬಣ್ಣಕ್ಕ ಹೊಂದಿಸಿ ನೋಡತಿದ್ದೆ.”

ಗವಿಸಿದ್ದ ಕರಣಿ ಹಿಡಿದು ಗೋಡೆಯ ಮುಂದೆ ಕುಕ್ಕರಿಸಿದ. ಮೆಲ್ಲಗೆ ಸುಣ್ಣ ಕೆರೆಯತೊಡಗಿದ. ಹಳೆಯ ಮಣ್ಣಿನ ಗೋಡೆ. ಸುಣ್ಣದ ಜೊತೆ ಬಣ್ಣವೂ, ಬಣ್ಣದ ಜೊತೆ ಮಣ್ಣೂ ಹೆಕ್ಕಳೆ ಹೆಕ್ಕಳೆಯಾಗಿ ಎದ್ದು ಅವನ ಮೊಣಕಾಲ ಮೇಲೆ ಬಿತ್ತು.

ಗುರುಗಳು ಬಂದು ಅವನ ಕೈ ಹಿಡಿದರು.

“ಬಿಡು. ಕೆರೆದ್ರ ಬರ್ತಾಳೇನು?”

ಗವಿಸಿದ್ದ ಅತ್ತುಬಿಟ್ಟ. ದೊಡ್ಡ ಆಳು, ಕೂಸಿನ ಹಾಗೆ ಅತ್ತ.

“ನಾ ನಿಮ್ಮ ಹಂತ್ಯಾಕ ಇರಾಕ ಯೋಗ್ಯ ಅಲ್ರಿ. ನಾಳೆ ಮುಂಜಾನೆ ಹೊಂಡತೀನ್ರಿ.”

“ಆತು, ಹೋಗು,” ಎಂದರು ಗುರುಗಳು.

ಬೇಡ ಅನ್ನಬಹುದೆಂಬ ಆಸೆ ಗವಿಸಿದ್ದನಿಗೆ ಒಳಗೆಲ್ಲೋ ಇತ್ತು.

ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಕಾಲಿಗೆ ನಮಸ್ಕಾರ ಮಾಡಲು ಬಂದಾಗ ಏಕಪ್ಪನವರು ಮಣೆಯ ಮೇಲೆ ಕೂತು ಬಣ್ಣ ಕಲಸುತ್ತಿದ್ದರು. ಹಳದಿಗೆ ಬಿಳಿ ಹಾಕಿದರು, ಒಂದು ಹನಿ ಕೆಂಪು ಬಿಟ್ಟರು. ಬೆರಳು ಅದ್ದಿ, ರೂಢಿಯಂತೆ ಗೋಡೆಯ ಕಡೆ ಕೈ ಚಾಚಿದರು.

ಕೈ ನಡುವೆಯೇ ನಿಂತಿತು. ಅದನ್ನು ಎಲ್ಲಿ ಇಡಬೇಕೆಂದು ಆ ಮುದುಕನಿಗೆ ತಿಳಿಯಲಿಲ್ಲ.

ಆಮೇಲೆ ಗುರುಗಳು ಆ ಬೆರಳನ್ನು ಅವನ ಕಡೆ ತಿರುಗಿಸಿದರು.

“ಹೆಂಗೈತಿ?”

“ಭಾಳ ಛಲೋ ಐತ್ರಿ ಗುರುಗಳ.”

“ನನಗ ಅಂಜಿ ಹೇಳಬ್ಯಾಡ. ಗೌರಿ ಮಾರಿ ನೋಡಿ ಹೇಳು.”

ಅವರು ಗೌರಿಯ ಕೆನ್ನೆಗೆ ಬಣ್ಣ ಸವರಿದರು. ಗವಿಸಿದ್ದ ಚೀಲ ಕೆಳಗಿಟ್ಟು, ಒಲೆಯ ಹತ್ತಿರ ಹೋಗಿ ಕೂತು ನೋಡಿದ. ಬಾಗಿಲಿನಿಂದ ಬಿಸಿಲು ಸರಿಯಾಗಿ ಬೀಳಲೆಂದು ಕಾದು ನೋಡಿದ. ಹೇಳಲೋ ಬೇಡವೋ ಎಂದು ಯೋಚಿಸಿದ. ಹೇಗೂ ಹೊರಟವನು, ಹೇಳಿದರೆ ಹೋಗುವುದೇನಿದೆ?

“ಅಲ್ರೀ,” ಎಂದ. “ಹಳದಿ ಹೆಚ್ಚಾತು. ಗೌರಿಗೆ ಕಾಮಾಲಿ ಆದಂಗ ಕಾಣತೈತಿ.”

ಗುರುಗಳ ಕೈ ತಡೆಯಿತು. ಅವರು ಬಣ್ಣವನ್ನಲ್ಲ, ಒಲೆಯ ಮುಂದೆ ಕೂತಿದ್ದ ಶಿಷ್ಯನನ್ನು ನೋಡಿದರು. ಅರಿವೆ ತಗೊಂಡು ಗೌರಿಯ ಕೆನ್ನೆ ಒರೆಸಿದರು.

“ಹದಿನಾಕು ವರ್ಷ ಆತು, ಈ ಮನ್ಯಾಗ ನನಗ ಯಾರೂ ‘ಅಲ್ಲ’ ಅಂದಿದ್ದಿಲ್ಲ. ಅಲ್ಲೇ ಕುಂದ್ರು, ಇನ್ನೊಮ್ಮೆ ಕಲಸತೀನಿ.”