ಗಿಡ್ಡ ಆಂಟೆನಾ ಮತ್ತು ನೆಲದ ತಂತಿ

ಕೇಳು ಮಗೂ, ಆಂಟೆನಾದ ಬುಡದಿಂದ ನೆಲಕ್ಕಿಳಿಸುವ ತಂತಿಗೆ ನಮ್ಮ ಊರಲ್ಲಿ ಏನೋ ಅನ್ನುತ್ತಿದ್ದರು, ಅರ್ಧ ಮಾತ್ರ ನೆನಪಿದೆ. ಅರ್ಥಿಂಗ್ ತಂತಿ ಎಂದೇ ಇರಲಿ. ರೇಡಿಯೊ ಹವ್ಯಾಸಿ ಪದ್ಮಯ್ಯನವರು ಹೊಸದಾಗಿ ಒಂದು ಗಿಡ್ಡ ಆಂಟೆನಾ ಮಾಡಿದ್ದರು. ಅಂದು ದನಿ ದೂರ ಮುಟ್ಟದಿದ್ದರೆ ಅದನ್ನು ಬಿಚ್ಚಿಹಾಕುವವರಿದ್ದರು.

“ಮಣ್ಣಲ್ಲಿ ಹೂತವನೇ, ನನ್ನ ಕಾಲು ಬಿಡು. ನೀನು ಜಗ್ಗುವುದರಿಂದಲೇ ನನ್ನ ದನಿ ಮೇಲೇರುತ್ತಿಲ್ಲ” ಎಂದಿತು ಆಂಟೆನಾ.

“ನೀನು ಉದ್ದವಿದ್ದರೆ ಹೇಗೋ ನಡೆಯುತ್ತಿತ್ತು. ಗಿಡ್ಡರಿಗೇ ನಾನು ಹೆಚ್ಚು ಬೇಕು” ಎಂದಿತು ತಂತಿ.

“ಬಿಡುತ್ತೀಯೋ ಇಲ್ಲವೋ?”

ತಂತಿ ಹಿಡಿತ ಸಡಿಲಿಸಿತು. ಪದ್ಮಯ್ಯನವರು ಕರೆದರು, ಯಾರೂ ಓಗೊಡಲಿಲ್ಲ, ನೆಲಕ್ಕಿಳಿಯಲಾಗದ ಕರೆಂಟು ಮೈಕಿಗೆ ಬಂದು ಅವರ ತುಟಿಯನ್ನೇ ಚುರುಕ್ಕೆನಿಸಿತು. ಅವರು ತಂತಿಯನ್ನು ಬಿಗಿದು, ಉಪ್ಪು, ಇದ್ದಿಲು ತುಂಬಿದ ಅದರ ಗುಂಡಿಗೆ ಒಂದು ಕೊಡ ನೀರು ಹೊಯ್ದು, ಮತ್ತೆ ಕರೆದರು. ದೂರದಿಂದ ಉತ್ತರ ಬಂತು.

“ಕೇಳಿದೆಯಾ ನನ್ನ ದನಿ?” ಎಂದಿತು ಆಂಟೆನಾ.

ತಂತಿ ನೀರು ಕುಡಿಯುತ್ತಿತ್ತು.

ಇಷ್ಟೇ ಮಗೂ, ಬರೆದಿಡು.