ದೈವನಿಂದೆಗೆ ಎಷ್ಟು ಅರ್ಥ

ತಾನು ಅರ್ಥ ಹೇಳಲಾರದ ಪದ ಇನ್ನೂ ಹುಟ್ಟಿಲ್ಲ ಎಂದು ಬೀಗುತ್ತಿದ್ದವನು ಬಿಳಿಗುಡ್ಡದ ರಾಜಪುರೋಹಿತ ಸೀತಾರಾಮ ಅವಧಾನಿ. ಅವನಿಗೆ ಬಲು ಪ್ರಿಯವಾದ ಪದ ದೈವನಿಂದೆ. ಗುಡಿಯಲ್ಲಿ ಸೀನಿದವನಿಗೂ ಅದೇ, ಪ್ರಸಾದಕ್ಕೆ ಉಪ್ಪು ಸಾಲದು ಅಂದವನಿಗೂ ಅದೇ.

ಒಂದು ದಿನ ಹೂ ಮಾರುವ ಈರಮ್ಮನನ್ನು ಭಟರು ಆಸ್ಥಾನಕ್ಕೆ ಎಳೆತಂದರು. ಅವಳ ಮಗಳು ಜ್ವರದಿಂದ ಮಲಗಿದ್ದಳು. ಗುಡಿಯ ಮುಂದೆ ಬೇಡಿ ಬೇಡಿ ಸಾಕಾಗಿ ಈರಮ್ಮ, ಈ ದೇವರಿಗೆ ಕಿವಿಯೇ ಇಲ್ಲ ಅಂದುಬಿಟ್ಟಿದ್ದಳು. ಅವಧಾನಿಗೆ ಮಾತ್ರ ಕಿವಿ ಚೆನ್ನಾಗಿಯೇ ಇತ್ತು.

ಇವಳನ್ನು ಇವತ್ತೇ ಗಡಿ ದಾಟಿಸಬೇಕು ಎಂದು ಅವನು ಪಟ್ಟು ಹಿಡಿದ. ಜ್ವರದ ಮಗುವನ್ನು ಹೊತ್ತು ಎಲ್ಲಿಗೆ ಹೋಗಲಿ ಎಂದು ಈರಮ್ಮ ಅತ್ತಳು. ದೊರೆ ಬೊಮ್ಮಣ್ಣ ನಾಯಕನಿಗೆ ಮನಸ್ಸಿಲ್ಲ, ಆದರೆ ಪುರೋಹಿತನ ಮಾತು ಮೀರಲು ಅಳುಕು. ಆಸ್ಥಾನದ ವಿದೂಷಕ ಕೋನೇರಯ್ಯನ ಕಡೆ ನೋಡಿದ.

ಕೋನೇರಯ್ಯ ಕೈಮುಗಿದು ಎದ್ದ. ತಾನು ದಡ್ಡ, ಆ ಪದದ ಅರ್ಥವನ್ನು ಸ್ವಲ್ಪ ಬಿಡಿಸಿ ಹೇಳಬೇಕು ಎಂದು ಬೇಡಿಕೊಂಡ.

ಅವಧಾನಿ ಶಲ್ಯ ಸರಿಮಾಡಿಕೊಂಡ. "ದೇವರಲ್ಲಿ ಇಲ್ಲದ ಕೊರತೆಯನ್ನು ಇದೆ ಅನ್ನುವುದೇ ದೈವನಿಂದೆ. ಯಾರು ಅಂದರೂ ಶಿಕ್ಷೆ ಒಂದೇ."

"ಹಾಗಾದರೆ ಇವಳು ಅಂದದ್ದು ದೇವರಿಗೆ ಕೇಳಿಸಿತೋ?"

"ಒಂದಕ್ಷರ ಬಿಡದೆ ಕೇಳಿಸಿದೆ. ಕೆಂಡದಂತೆ ಕೋಪ ಬಂದಿದೆ."

"ಮತ್ತೆ ಶಿಕ್ಷೆಯನ್ನು ಅವನೇ ಕೊಡಬಹುದಿತ್ತಲ್ಲ?"

ಅವಧಾನಿಗೆ ರೇಗಿತು. "ಎಲ್ಲವನ್ನೂ ದೇವರೇ ಮಾಡಲು ಆಗುತ್ತದೆಯೇ? ನಾವಿಲ್ಲದಿದ್ದರೆ ಅವನ ಮರ್ಯಾದೆ ಉಳಿಯುತ್ತಿತ್ತೇ?"

ಕೋನೇರಯ್ಯ ದೊರೆಯ ಕಡೆ ತಿರುಗಿದ. "ಪ್ರಭು, ಇವಳು ದೇವರಿಗೆ ಕಿವಿ ಇಲ್ಲ ಅಂದಳು. ಅವಧಾನಿಗಳು ದೇವರ ಕೈಲಾಗುವುದಿಲ್ಲ ಅಂದರು. ಇಬ್ಬರೂ ಜೊತೆಯಾಗಿಯೇ ಗಡಿ ದಾಟಲಿ."

ಸಭೆ ಬಾಯಿಗೆ ಸೆರಗು, ಶಲ್ಯ ಒತ್ತಿಕೊಂಡಿತು. ಅವಧಾನಿ ಬೆವರಿದ. ಆ ಪದಕ್ಕೆ ಇನ್ನೊಂದು ಅರ್ಥವೂ ಉಂಟು, ನೊಂದ ಮನಸ್ಸಿನಿಂದ ಬಂದ ಮಾತು ದೈವನಿಂದೆ ಆಗುವುದಿಲ್ಲ, ತಾನೂ ಈಗ ಬಹಳ ನೊಂದಿದ್ದೇನೆ ಎಂದು ತೊದಲಿದ.

ದೊರೆ ಈರಮ್ಮನನ್ನು ಬಿಡಿಸಿ, ಅರಮನೆಯ ವೈದ್ಯನನ್ನು ಅವಳೊಡನೆ ಮನೆಗೆ ಕಳಿಸಿದ. ಆಮೇಲೆ ನಗು ತಡೆಯಲಾರದೆ ಕೇಳಿದ: "ಕೋನೇರಯ್ಯ, ಒಟ್ಟಿನಲ್ಲಿ ಆ ಪದಕ್ಕೆ ಎಷ್ಟು ಅರ್ಥ?"

"ಎರಡೇ ಪ್ರಭು. ಬೇರೆಯವರು ಆಡಿದಾಗ ಒಂದು, ತಾನೇ ಆಡಿದಾಗ ಇನ್ನೊಂದು."